ಕೆಂಚನ ಕಿವಿ

ಶ್ರೀ ಮೈಲಾರಲಿಂಗ ಪ್ರಸನ್ನ

ದಾವಣಗೆರೆ,
ಭಾನುವಾರ, ೧೮-೨-೧೯೬೨

ಚಿರಂಜೀವಿ ಸೌಭಾಗ್ಯವತಿ ರಂಗವ್ವಳಿಗೆ ನಿನ್ನ ಅವ್ವನ ಆಶೀರ್ವಾದ. ಇಲ್ಲಿ ನಾವು ಮೂವರೂ ಕ್ಷೇಮ. ಮೂವರು ಯಾರು ಅಂತ ಹುಬ್ಬು ಗಂಟು ಹಾಕಬೇಡ. ನಾನು, ನಿಮ್ಮಪ್ಪ, ಮತ್ತು ನಿನ್ನ ಗಂಡ ಭರಮಣ್ಣ ದೀಪಾವಳಿಗೆ ಬುಟ್ಟಿಯಲ್ಲಿ ತಂದು ನನ್ನ ಕೊರಳಿಗೆ ಕಟ್ಟಿಹೋದ ನಾಯಿಮರಿ ಕೆಂಚ.

ಮುಂದೆ ಓದುವುದಕ್ಕಿಂತ ಮೊದಲು ಒಂದು ಕೆಲಸ ಮಾಡು. ನಾನು ಹೋದ ವಾರ ಬರೆದ ಪತ್ರವನ್ನು ಒಲೆಗೆ ಹಾಕು. ನಿಮ್ಮಪ್ಪನ ಜೊತೆ ಇನ್ನು ನನ್ನ ಕೈಲಿ ಬಾಳುವುದಾಗುವುದಿಲ್ಲ, ಗುರುವಾರದ ರೈಲಿಗೆ ಟ್ರಂಕು ಸಮೇತ ಹರಿಹರಕ್ಕೆ ಬಂದುಬಿಡುತ್ತೇನೆ, ನಿನ್ನ ಬಾಣಂತನವೂ ಅಲ್ಲೇ ಆಗಲಿ ಅಂತ ಬರೆದಿದ್ದೆನಲ್ಲ, ಅದನ್ನು. ಭರಮಣ್ಣನಿಗೆ ಆಗಲೇ ತೋರಿಸಿದ್ದರೆ, ಅವ್ವನಿಗೆ ಜ್ವರ ಬಂದಿತ್ತು, ತಲೆ ಕೆಟ್ಟು ಏನೇನೋ ಬರೆದಳು ಅಂತ ಹೇಳು. ಅವನು ಒಳ್ಳೆಯ ಹುಡುಗ, ನಂಬಿದ ಹಾಗೆ ಮಾಡುತ್ತಾನೆ. ಈ ಬರುವ ಗುರುವಾರ ಸ್ಟೇಷನ್ನಿಗೆ ಯಾರೂ ಬರುವುದು ಬೇಡ. ಟ್ರಂಕು ಖಾಲಿ ಮಾಡಿ ಅಟ್ಟದ ಮೇಲೆ ಇಟ್ಟಿದ್ದೇನೆ.

ಹರಿಹರವೇನು ಕಾಶಿಯೇ, ಬಂದೇ ಹೇಳಬಹುದಿತ್ತು. ಆದರೆ ನಿನ್ನೆದುರು ಕೂತರೆ ಮೊದಲು ನಗು ಬರುತ್ತದೋ ಅಳು ಬರುತ್ತದೋ ನನಗೇ ಗೊತ್ತಿಲ್ಲ. ನಿನ್ನನ್ನು ಕರೆಸೋಣವೆಂದರೆ ಬಸುರಿ ಹೆಂಗಸು, ಈ ಬಸ್ಸಿನ ಕುಲುಕಾಟ ಬೇಡ. ಕಾರ್ಡಿನಲ್ಲಿ ಬರೆದರೆ ನಿಮ್ಮ ಪೋಸ್ಟ್‌ಮ್ಯಾನ್ ಓದಿಕೊಂಡೇ ಬಂದು ಬಾಗಿಲು ಬಡಿಯುತ್ತಾನೆ. ಅದಕ್ಕೇ ಈ ಲಕೋಟೆ. ಹದಡಿ ಶಾಲೆಯಲ್ಲಿ ನಾಲ್ಕನೇ ಕ್ಲಾಸು ಓದಿದವಳ ಅಕ್ಷರ, ನಿಧಾನಕ್ಕೆ ಓದಿಕೋ.

ನಿನ್ನ ಮದುವೆಯಾದಾಗಿನಿಂದ ನಿಮ್ಮಪ್ಪ ನನ್ನ ಜೊತೆ ಮಾತು ಬಿಟ್ಟಿದ್ದು ನಿನಗೆ ಗೊತ್ತು. ಅವತ್ತು ಚಪ್ಪರದಲ್ಲಿ ಬೀಗರ ಮುಂದೆ, ಎಲೆ ಅಡಿಕೆ ತಟ್ಟೆ ಎಲ್ಲಿಟ್ಟೀ ಅಂತ ಇಡೀ ಓಣಿಗೆ ಕೇಳುವ ಹಾಗೆ ಅಬ್ಬರಿಸಿದರು. ನನಗೆ ಮೈಯೆಲ್ಲ ಉರಿದುಹೋಯಿತು. "ಯಾಕ ಹಂಗ ಕಿರಚ್ತೀರಿ, ನಾನೇನು ಕಿವುಡೀನಾ?" ಅಂದೆ. ಬೀಗಿತ್ತಿಯರು ಕಿಸಕ್ಕನೆ ನಕ್ಕರು. ಅವತ್ತು ಮುಚ್ಚಿದ ಬಾಯಿ ನಿಮ್ಮಪ್ಪನದು. ನಾನು ಒಲೆಯ ಮುಂದೆ ಕೂತು ಕೇಳಿದ್ದಕ್ಕೆ ಉತ್ತರವಿಲ್ಲ. ಬೈದರೆ ಸಿಟ್ಟಿಲ್ಲ. ಒಂದು ದಿನ ಬೇಕೆಂದೇ ಗೋಳೋ ಅಂತ ಅತ್ತೆ, ತಿರುಗಿ ಕೂಡ ನೋಡಲಿಲ್ಲ. ಅದೇ ಮನುಷ್ಯ ಪಾಳಿ ಮುಗಿಸಿ ಬರುವಾಗ ಚಹಾದಂಗಡಿಯ ಮುಂದೆ ಹಿದಾಯತ್ ಜೊತೆ ಕೈ ಬೀಸಿ ಬೀಸಿ ಮಾತಾಡಿ, ಹೊಟ್ಟೆ ಹಿಡಿದುಕೊಂಡು ನಗುವುದನ್ನು ನನ್ನ ಕಣ್ಣಾರೆ ಕಂಡಿದ್ದೇನೆ. ಹಿದಾಯತ್ ಮಿಲ್ಲಿನಲ್ಲಿ ನಿಮ್ಮಪ್ಪನ ಪಕ್ಕದ ಮಗ್ಗದವನು, ಮನೆಯಲ್ಲಿ ನಮ್ಮ ಹಿತ್ತಲ ಗೋಡೆಯ ಆಚೆಯವನು. ಕೊನೆಕೊನೆಗೆ ನಮ್ಮ ಸಂಸಾರವೆಲ್ಲ ಅವನ ಮೂಲಕವೇ ನಡೆಯಿತು. ಗೋಡೆಯ ಮೇಲಿಂದ "ನಿಮ್ಮಣ್ಣಾರಿಗೆ ಹೇಳಪ್ಪ, ಜ್ವಾಳದ ಹಿಟ್ಟು ಮುಗದೈತೆ" ಅನ್ನುತ್ತಿದ್ದೆ. ಸಂಜೆಯೊಳಗೆ ಹಿಟ್ಟು ಬರುತ್ತಿತ್ತು. ಅವನು ಹೇಳಿದರೆ ಕೇಳಿಸುವುದು ನಾನು ಹೇಳಿದರೆ ಕೇಳಿಸುವುದಿಲ್ಲವೇ? ಹೊಟ್ಟೆ ಉರಿಯದೇ ಇರುತ್ತದೆಯೇ, ನೀನೇ ಹೇಳು. ಹಾಗಾಗಿ ಟ್ರಂಕು ಇಳಿಸಿದ್ದೆ.

ಇಷ್ಟರ ನಡುವೆ ಬಂದದ್ದು ಈ ಕೆಂಚ. ಇದರ ಕುಲಗೋತ್ರ ನಿನ್ನ ಗಂಡ ನಿನಗೆ ಹೇಳಿರುತ್ತಾನೆ. ಹದಡಿಯ ನಿನ್ನ ಸೋದರಮಾವ ಸಣ್ಣಬೀರಪ್ಪ ಹರಿಹರದ ಹೊಳೆದಂಡೆಯ ಹೊಲಗಳಲ್ಲಿ ಕುರಿಮಂದೆ ನಿಲ್ಲಿಸಿದ್ದಾಗ, ಅವನ ಮಂದೆ ಕಾಯುವ ಹೆಣ್ಣುನಾಯಿಗೂ ಯಾರೋ ಸಾಹೇಬರ ಬಂಗಲೆಯ ವಿಲಾಯ್ತಿ ನಾಯಿಗೂ ಬೇಲಿ ಹಾರಿ ಆದ ಸಂಬಂಧ. ಮೈ ಕುರುಬರ ನಾಯಿಯದು, ಕಿವಿ ಸಾಹೇಬರದು. ಕಿವಿ ಎಂದರೆ ಎಂಥ ಕಿವಿ! ನೀರು ಕುಡಿಯಲು ಬಗ್ಗಿದರೆ ಬಟ್ಟಲಲ್ಲಿ ಅವೇ ಮೊದಲು ಮುಳುಗುತ್ತವೆ. ಜೋಲುಗಿವಿಯ ನಾಯಿ ತೋಳ ಕಾಯುವುದಿಲ್ಲ ಅಂತ ಸಣ್ಣಬೀರಪ್ಪ ಬೇಡವೆಂದ, ನಿಮ್ಮ ಕ್ವಾರ್ಟರ್ಸಿನಲ್ಲಿ ನಾಯಿ ಸಾಕುವ ಹಾಗಿಲ್ಲ, ಕೊನೆಗೆ ಕಂತ್ರಿ ಮರಿಗೆ ನಿನ್ನ ಅವ್ವ ಈ ಕೊಟ್ರವ್ವನೇ ಗತಿಯಾದಳು.

ಬಂದ ಹೊಸತರಲ್ಲಿ ಅದು ಮಾಡದ ಅನಾಹುತವಿಲ್ಲ. ರಂಗೋಲಿ ಹಾಕಿ ಏಳುವಷ್ಟರಲ್ಲಿ ಅದರ ಮೇಲೆ ಒಂದಕ್ಕೆ ಮಾಡುವುದು. ನಿಮ್ಮಪ್ಪನ ಚಪ್ಪಲಿಯ ಉಂಗುಟ ತಿಂದಿತು. ನಿನ್ನ ಕೂಸಿಗೆಂದು ಹೊಲಿದಿಟ್ಟ ಕೌದಿಯ ಮೂಲೆ ಎಳೆದು ಅರಳೆ ಮಾಡಿತು. ಎಲ್ಲಕ್ಕಿಂತ ಕೆಟ್ಟ ಚಾಳಿ ಸೆರಗು ಎಳೆಯುವುದು. ನಿಮ್ಮಪ್ಪ ಮಿಲ್ಲಿನಿಂದ ಬಂದು ಮುಂಬಾಗಿಲ ಕಟ್ಟೆಯ ಮೇಲೆ ಕೂತರು ಎಂದರೆ ಸಾಕು, ಇದು ಅಡುಗೆಮನೆಗೆ ನುಗ್ಗಿ ನನ್ನ ಸೆರಗು ಕಚ್ಚಿ ಜಗ್ಗುತ್ತಿತ್ತು. ಒಳ್ಳೊಳ್ಳೆಯ ಸೀರೆಗಳ ಸೆರಗು ತೂತು ಬಿದ್ದಿವೆ. ಹೊಸದು ಕಳಿಸುತ್ತೇನೆ ಅಂತ ನೀನು ಬರೆದಿದ್ದೆ. ನಾನು ಪ್ರತಿ ಸಲವೂ ಕಾಲಿನಿಂದ ತಳ್ಳಿ ಹಿತ್ತಲಿಗೆ ಅಟ್ಟುತ್ತಿದ್ದೆ. ಹೊಡೆಯುವಂತಿಲ್ಲವಲ್ಲ! ಮೈಲಾರಲಿಂಗನ ಒಕ್ಕಲು ನಾವು. ಸ್ವಾಮಿಯ ಗೊರವಯ್ಯಗಳೇ ನಾಯಿಯ ಹಾಗೆ ಬೊಗಳಿ ದೋಣಿ ಬಟ್ಟಲಲ್ಲಿ ಬಾಯಿ ಹಾಕಿ ಉಣ್ಣುವಾಗ, ನಾಯಿಗೆ ಕೈ ಎತ್ತಿ ಯಾವ ಮುಖ ಹೊತ್ತು ಭಾನುವಾರ ದೀಪ ಹಚ್ಚಲಿ? ಬಾಯಲ್ಲಿ ಬೈಯಬಾರದೆಂದು ಯಾವ ದೇವರೂ ಹೇಳಿಲ್ಲ, ಅದನ್ನು ಕಡಿಮೆ ಮಾಡಲಿಲ್ಲ.

ಸಣ್ಣಬೀರಪ್ಪ ಹೇಳಿಕೊಟ್ಟಂತೆ ರೊಟ್ಟಿಯ ತುಣುಕು ಹಿಡಿದು "ಕೆಂಚಾ ಬಾ, ಕೆಂಚಾ ಕೂಡ್ರು" ಅಂತ ಕಲಿಸಲು ಕೂತೆ. ಗಂಟಲು ಒಣಗಿತೇ ಹೊರತು ಅದು ಬರಲಿಲ್ಲ, ಕೂಡ್ರಲಿಲ್ಲ. ನನ್ನ ಕೈಯನ್ನೇ ನೋಡುತ್ತಾ ನಿಲ್ಲುತ್ತಿತ್ತು. ರೊಟ್ಟಿಯ ಆಸೆಗೆ ಅಂದುಕೊಂಡೆ. ನಿಮ್ಮಪ್ಪ ಮಾತ್ರ ಒಂದು ಸವೆದ ಲಾಳಿ ತಂದು ಅದರ ಮುಂದೆ ಎಸೆದರು. ಮಗ್ಗದಲ್ಲಿ ನೂಲು ಹೊತ್ತು ಆಚೆ ಈಚೆ ಓಡುತ್ತದಲ್ಲ, ಅದೇ ಮರದ ಲಾಳಿ. ಮರಿಯ ಹಲ್ಲು ಕೆರೆತಕ್ಕೆ ಅದು ಸಿಕ್ಕಿದ್ದೇ ತಡ, ಚಪ್ಪಲಿ, ಕೌದಿ ಎಲ್ಲ ಬಚಾವಾದವು. ಆಮೇಲೆ ನೋಡನೋಡುತ್ತಲೇ ಹಿತ್ತಲಿಗೆ ಹೋಗಿ ಒಂದಕ್ಕೆ ಮಾಡುವುದು ಕಲಿಯಿತು. ಬಟ್ಟಲ ಮುಂದೆ ಕೂತು ಕಾಯುವುದು ಕಲಿಯಿತು. ಎಲ್ಲವನ್ನೂ ನಿಮ್ಮಪ್ಪನ ಕಡೆ ಕಣ್ಣಿಟ್ಟೇ ಮಾಡುತ್ತಿತ್ತು. ಅವರ ಬಾಯಿಂದ ಒಂದು ಮಾತಿಲ್ಲ. ಹೆಂಡತಿಗಿಲ್ಲದ ಮಾತು ನಾಯಿಗೆ ಎಲ್ಲಿಂದ ಬರಬೇಕು ಅಂತ ನನಗೂ ಒಂಥರಾ ಸಮಾಧಾನವೇ ಆಗಿತ್ತು.

ಆದರೆ ಹೆಸರು ಹಿಡಿದು ಹಿಂದಿನಿಂದ ಎಷ್ಟು ಕೂಗಿದರೂ ಅದು ಕದಲುತ್ತಿರಲಿಲ್ಲ. ಮಿಲ್ಲಿನ ಸೈರನ್ ಊದಿದರೆ ಓಣಿಯ ನಾಯಿಗಳೆಲ್ಲ ಮುಖ ಎತ್ತಿ ಊಳಿಡುತ್ತವೆ, ಇದು ಲಾಳಿ ಕಡಿಯುತ್ತಾ ಬಿದ್ದಿರುತ್ತಿತ್ತು. ಹೋದ ಸೋಮವಾರ ಸಂತೆಗೆ ಬಂದಿದ್ದ ಸಣ್ಣಬೀರಪ್ಪ ಅದರ ಕಿವಿ ಎತ್ತಿ ನೋಡಿ, "ಇದು ಕಿವುಡು ಐತೆ ಬಿಡವ್ವ. ಮಂಡಿಪೇಟೆ ಕಡೆ ಹೋದ್ರ ಲಾರಿ ಕೆಳಗ ಸಾಯ್ತತಿ" ಅಂದ. ಬೈದುಕೊಂಡೇ ಸಾಕಿದ್ದರೂ ಸಾಕಿದ್ದು ಸಾಕಿದ್ದೇ. ನಾನು ಊರು ಬಿಟ್ಟು ಹೋಗುವವಳು, ಹೋಗುವ ಮೊದಲು ಇದಕ್ಕೊಂದು ದಾರಿ ಮಾಡಿ ಹೋಗೋಣವೆಂದು ದನದ ಆಸ್ಪತ್ರೆಗೆ ತೋರಿಸಲು ಹೊರಟೆ. ಅದು ನಿಮ್ಮಪ್ಪನನ್ನು ಬಿಟ್ಟು ಹೊಸ್ತಿಲು ದಾಟುವುದಿಲ್ಲ. ಮತ್ತೆ ಹಿದಾಯತ್‌ನ ಕೈಲಿ ಹೇಳಿಸಿದೆ. ಆ ವಾರ ಅವರಿಬ್ಬರಿಗೂ ರಾತ್ರಿ ಪಾಳಿ. ಬುಧವಾರ ಬೆಳಿಗ್ಗೆ ಕೆಲಸದಿಂದ ಬಂದವರು ಮಲಗಲೂ ಇಲ್ಲ, ಮರಿಯನ್ನು ಹೆಗಲಿಗೆ ಹಾಕಿಕೊಂಡು ಮುಂದೆ ಮುಂದೆ ನಡೆದರು. ಮುಖ ಬಾಡಿತ್ತು. ಇಷ್ಟು ಕಾಳಜಿ ನನ್ನ ಮೇಲೆ ಎಂದಾದರೂ ಇತ್ತೇ ಅಂತ ಹಿಂದಿನಿಂದ ಗೊಣಗುತ್ತಲೇ ಹೋದೆ.

ಡಾಕ್ಟರು ಮೈಸೂರು ಕಡೆಯವರು, ಇನ್ನೂ ಎಳೆಯ ವಯಸ್ಸು. ಮರಿಯ ಕಿವಿಗೆ ದೀಪ ಹಿಡಿದು ನೋಡಿದರು. ನಿಮ್ಮಪ್ಪ ಮರಿಯನ್ನು ಮೇಜಿನ ಮೇಲೆ ಬಿಟ್ಟು, ನಮ್ಮ ಕಡೆ ಬೆನ್ನು ಮಾಡಿ ಗೋಡೆಗೆ ತೂಗುಹಾಕಿದ್ದ ಹಸುವಿನ ಚಿತ್ರ ನೋಡುತ್ತಾ ನಿಂತಿದ್ದರು. ಡಾಕ್ಟರು ಕಂಪೌಂಡರಿಗೆ ಏನೋ ಕಣ್ಸನ್ನೆ ಮಾಡಿದರು. ಆತ ನಮ್ಮ ಬೆನ್ನ ಹಿಂದೆ ಬಂದು ಕಬ್ಬಿಣದ ಬಕೆಟ್ಟನ್ನು ಕಲ್ಲುಹಾಸಿನ ಮೇಲೆ ದೊಪ್ಪನೆ ಕೆಡವಿದ. ನಾನು ಹೌಹಾರಿ ಮೈಲಾರಪ್ಪ ಎಂದೆ. ಹೊರಗೆ ಕಟ್ಟಿದ್ದ ಎಮ್ಮೆ ಹಗ್ಗ ಜಗ್ಗಿತು. ಕೆಂಚ ಗಿರಕ್ಕನೆ ತಿರುಗಿ ಬಕೆಟ್ಟಿಗೆ ಬೊಗಳತೊಡಗಿತು.

ನಿಮ್ಮಪ್ಪ ಹಸುವಿನ ಚಿತ್ರ ನೋಡುತ್ತಲೇ ನಿಂತಿದ್ದರು, ರಂಗಿ. ಹೆಗಲು ಕೂಡ ಅಲುಗಲಿಲ್ಲ.

ಡಾಕ್ಟರು ಅವರನ್ನು ನೋಡಿದರು, ನನ್ನನ್ನು ನೋಡಿದರು. ನಿಮ್ಮಪ್ಪನ ಬೆನ್ನ ಹಿಂದೆ ಹೋಗಿ "ಯಜಮಾನ್ರೇ" ಎಂದು ಕರೆದರು. ಇನ್ನೊಮ್ಮೆ ಗಟ್ಟಿಯಾಗಿ ಕರೆದರು. ಆಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ, "ಅಮ್ಮಾ, ನಿಮ್ಮ ಮರಿಯ ಕಿವಿ ಚೆನ್ನಾಗಿದೆ. ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗಬೇಕಾಗಿರೋದು ಅದನ್ನಲ್ಲ" ಅಂದರು. ನಿಮ್ಮಪ್ಪ ಆಗ ತಿರುಗಿದರು. ಬಿದ್ದ ಬಕೆಟ್ಟಿಗೆ ಮರಿ ಬೊಗಳುವುದನ್ನು ಕಂಡು, ಅದರ ಕಿವಿ ಸರಿಯಿದೆ ಅಂತ ತಿಳಿದು, ಅವರ ಮುಖ ಅರಳಿದ್ದನ್ನು ನೀನು ನೋಡಬೇಕಿತ್ತು.

ಮನೆಗೆ ಬಂದು ಅವರು ಮಲಗಿದರು. ನಾನು ಹಿತ್ತಲ ಗೋಡೆಗೆ ಹೋಗಿ ಹಿದಾಯತ್‌ನನ್ನು ನಿದ್ದೆಯಿಂದ ಎಬ್ಬಿಸಿದೆ. ಏನೂ ಹೇಳದೆ ಬರೇ "ಯಾವಾಗಿಂದ?" ಅಂದೆ. ಅವನ ಹೆಂಡತಿ ಹಜೀರಾಬೀ ಕೈಲಿದ್ದ ಪಾತ್ರೆ ಕೆಳಗಿಟ್ಟು ಗಂಡನ ಮುಖ ನೋಡಿದಳು. ಹಿದಾಯತ್ ತಲೆ ಕೆರೆದುಕೊಂಡು, "ರಂಗವ್ವನ ಮದುವಿಗಿಂತ ಮೊದಲ ಕಿವಿ ಕಮ್ಮಿ ಆಗಿತ್ತು ಅಕ್ಕಾರ. ಆಮ್ಯಾಲೆ ಪೂರಾ ಹೋತು. ಹೇಳಬ್ಯಾಡ ಅಂತ ಆಣಿ ಹಾಕಿಸಿಕೊಂಡಾರ" ಅಂದ. ಅಲ್ಲಪ್ಪ, ನಿನ್ನ ಜೊತೆ ನಗುನಗುತ್ತಾ ಮಾತಾಡುತ್ತಾರಲ್ಲ ಅಂದೆ. ಅದಕ್ಕೆ ಅವನು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. "ಮಗ್ಗದ ಶೆಡ್ಡಿನಾಗ ಯಾರ ಮಾತು ಯಾರಿಗೂ ಕೇಳಂಗಿಲ್ಲ ಅಕ್ಕಾರ. ಎಲ್ಲಾರೂ ಕೈಸನ್ನಿ ಮಾಡ್ತೀವಿ, ತುಟಿ ನೋಡಿ ತಿಳಕೊಂತೀವಿ. ಅಣ್ಣಾರು ಅದರಾಗ ಭಾಳ ಹುಷಾರು. ನಮ್ಮೆಲ್ಲಾರ ತುಟಿ ಓದ್ತಾರ. ಆದ್ರ ನಿಮ್ಮ ತುಟಿ ಅವರು ಯಾವಾಗ ನೋಡ್ಯಾರ, ನೀವ ಹೇಳ್ರಿ."

ಹಜೀರಾಬೀ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನನಗೆ ನಾಚಿಕೆಯಾಯಿತು, ಆದರೆ ಅವನು ಹೇಳಿದ್ದರಲ್ಲಿ ಸುಳ್ಳೇನಿದೆ? ಈ ಮನೆಗೆ ಬಂದ ಹೊಸತರಲ್ಲಿ ನಿನ್ನ ಅಜ್ಜಿ ನನಗೆ ಕಲಿಸಿದ ಮೊದಲ ಪಾಠವೇ ಅದು. ಗಂಡನಿಗೆ ಮುಖ ಕೊಟ್ಟು ಮಾತಾಡಬಾರದು. ಬಾಗಿಲ ಮರೆಯಲ್ಲಿ ನಿಂತು, ಸೆರಗು ಬಾಯಿಗೆ ಅಡ್ಡ ಹಿಡಿದು, ಗೋಡೆಗೆ ಹೇಳಿದ ಹಾಗೆ ಹೇಳಬೇಕು. ಆಕೆ ತೀರಿಹೋದರೂ ನನ್ನ ಅಭ್ಯಾಸ ಹೋಗಲಿಲ್ಲ. ಜಗಳವನ್ನೂ ನಾನು ಒಲೆಯ ಕಡೆ ಮುಖ ಮಾಡಿಯೇ ಆಡಿದವಳು. ಊರವರ ಮಾತೆಲ್ಲ ಅವರಿಗೆ ತಿಳಿಯುತ್ತಿತ್ತು, ಕಟ್ಟಿಕೊಂಡವಳದ್ದು ಒಂದೇ ತಿಳಿಯುತ್ತಿರಲಿಲ್ಲ.

ಮಧ್ಯಾಹ್ನ ನಿಮ್ಮಪ್ಪ ಎದ್ದು ಕಟ್ಟೆಯ ಮೇಲೆ ಬಂದು ಕೂತರು. ಒಳ್ಳೆಯ ಬಿಸಿಲಿತ್ತು. ನಾನು ಒಳಗಿನಿಂದ ಮಣೆ ತಂದು ಅವರ ಎದುರಿಗೇ ಹಾಕಿಕೊಂಡು ಕೂತೆ. ಓಣಿಯ ಜನ ನೋಡಲಿ ಬಿಡಲಿ ಅಂತ ಸೆರಗನ್ನು ಬಾಯಿಯಿಂದ ತೆಗೆದು ಸೊಂಟಕ್ಕೆ ಸಿಕ್ಕಿಸಿದೆ. ಅವರು ಗಾಬರಿಯಾಗಿ ನೋಡಿದರು. ನೂರು ಮಾತು ಜೋಡಿಸಿಕೊಂಡು ಬಂದಿದ್ದೆ, ಒಂದೂ ಬರಲಿಲ್ಲ. ಬಂದದ್ದು ಇಷ್ಟೇ, "ಜ್ವಾಳದ ಹಿಟ್ಟು ಮುಗದೈತೆ ನೋಡ್ರಿ."

ಅವರು ನನ್ನ ಬಾಯಿಯನ್ನೇ ನೋಡುತ್ತಿದ್ದರು. "ಹಿದಾಯತ್‌ಗೆ ಹೇಳಿ ಕಳಿಸಬ್ಯಾಡ. ನಾನ ತರ್ತೀನಿ!" ಅಂತ ಅಂದರು. ಅಂದರು ಎಂದರೆ ಏನು, ಎದುರುಮನೆಯವರು ಕಿಟಕಿ ತೆರೆದರು, ಅಷ್ಟು ಜೋರು. ತಮ್ಮ ದನಿ ತಮಗೇ ಕೇಳಿಸದಿದ್ದರೆ ಪಾಪ ಇನ್ನೇನು ಮಾಡಿಯಾರು. ನಾನು ಮೆಲ್ಲಗೆ ಅಂತ ಅಂಗೈ ಕೆಳಗೆ ಮಾಡಿ ತೋರಿಸಿದೆ. ಅವರು ದನಿ ಇಳಿಸಿದರು. ಪಕ್ಕದಲ್ಲಿ ನಿಂತಿದ್ದ ಕೆಂಚ, ನಾನು ಗಂಟಲು ಹರಿದುಕೊಂಡಾಗ ಒಮ್ಮೆಯೂ ಕೂಡ್ರದಿದ್ದ ಕೆಂಚ, ಪಟಕ್ಕನೆ ಕೂತಿತು!

ಆಗ ಅರ್ಥವಾಯಿತು. ಇವರು ಮರಿಗೆ ಮಾತು ಕಲಿಸಿಯೇ ಇಲ್ಲ. ಶೆಡ್ಡಿನ ಕೈಸನ್ನೆ ಕಲಿಸಿದ್ದಾರೆ. ಅಂಗೈ ಇಳಿಸಿದರೆ ಕೂಡ್ರು. ಎರಡು ಬೆರಳು ಕತ್ತರಿಯ ಹಾಗೆ ಆಡಿಸಿದರೆ ನೂಲು ಕಡಿದಿದೆ, ಮಗ್ಗ ನಿಲ್ಲಿಸು ಅಂತ ಮಿಲ್ಲಿನಲ್ಲಿ ಅರ್ಥವಂತೆ. ಕೆಂಚನಿಗೆ ಅದು ನಿಲ್ಲು ಅಂತ. ನಾನು ತೋರಿಸಿದೆ, ನಿಂತಿತು. ಸೈರನ್ನಿಗೆ ಊಳಿಡದಂತೆ ಅದೇ ಬೆರಳು ತೋರಿಸಿ ಅಭ್ಯಾಸ ಮಾಡಿಸಿದ್ದರಂತೆ. ಉಳಿದ ನಾಯಿಗಳು ಮುಖ ಎತ್ತಿದ್ದು ಕಂಡರೆ ಸೈರನ್ ಆಯಿತು ಅಂತ ಅವರಿಗೆ ಗೊತ್ತಾಗುತ್ತಿತ್ತು. ಕೆಂಚ ಅಂತ ಹೆಸರು ಹಿಡಿದು ಮಾತ್ರ ಅದನ್ನು ಅವರು ಒಮ್ಮೆಯೂ ಕರೆದಿರಲಿಲ್ಲ, ಪಾಪ ಅದಕ್ಕೆ ಹೇಗೆ ಗೊತ್ತಾಗಬೇಕು? "ನನ್ನ ರೋಗ ಈ ಮೂಕಪ್ರಾಣಿಗೂ ಹತ್ತಿತೇನೋ ಅಂದ್ಕೊಂಡಿದ್ದೆ" ಅಂದರು. ಅದಕ್ಕೇ ಅವತ್ತು ಮುಖ ಬಾಡಿತ್ತು.

ನನಗೆ ಯಾಕೆ ಹೇಳಲಿಲ್ಲ ಅಂತ ಕೇಳಿದೆ. "ಹೇಳಿದ್ರ ನೀನು ಓಣಿಗೆಲ್ಲಾ ಮಾಡಿ ತೋರಿಸ್ತಿದ್ದಿ" ಅಂದರು. ಅದೂ ನಿಜವೇ. ಗುಡಿಯ ಕಿವುಡ ಪೂಜಾರಪ್ಪ ಒಂದು ಕೇಳಿದರೆ ಇನ್ನೊಂದು ಹೇಳುವುದನ್ನು ನಟಿಸಿ ನಿನ್ನನ್ನೂ ನಗಿಸಿದವಳು ನಾನೇ ತಾನೇ. ಅವರ ಮೊಣಕಾಲು ಮುಟ್ಟಿ, ಇನ್ನು ಮಾಡುವುದಿಲ್ಲ ಅಂದೆ. ಆಮೇಲೆ ಇಬ್ಬರೂ ಅತ್ತೆವು. ಕೆಂಚ ಒಮ್ಮೆ ಅವರ ಕೈ ನೆಕ್ಕಿತು, ಒಮ್ಮೆ ನನ್ನದು.

ಶನಿವಾರ ದೊಡ್ಡಾಸ್ಪತ್ರೆಗೂ ಹೋಗಿ ಬಂದೆವು. ಮಗ್ಗದ ಸದ್ದಿಗೆ ಹೋದ ಕಿವಿ, ವಾಪಸು ಬರುವುದಿಲ್ಲ ಅಂದರು. ಬರದಿದ್ದರೆ ಬೇಡ. ನಿಜ ಹೇಳುತ್ತೇನೆ ರಂಗಿ, ನನಗೆ ದುಃಖಕ್ಕಿಂತ ಸಮಾಧಾನವೇ ಹೆಚ್ಚಾಗಿದೆ, ಇದನ್ನು ಬೇರೆ ಯಾರ ಮುಂದೆ ಹೇಳಿದರೂ ಬೈಯುತ್ತಾರೆ. ಕಿವಿ ಹೋಗಿದೆ, ಮನಸ್ಸು ಹೋಗಿಲ್ಲವಲ್ಲ. ಅವರು ನನ್ನನ್ನು ಬೇಡವೆಂದುಕೊಂಡಿದ್ದಾರೆ ಅಂತ ಎರಡು ವರ್ಷ ಕಲ್ಲು ನುಂಗಿಕೊಂಡಿದ್ದೆ. ಅದು ಕರಗಿತು. ನಿನ್ನೆ ಹೊಟ್ಟೆ ತುಂಬ ಉಂಡೆ.

ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು, ಅದರಲ್ಲಿ ಎರಡು ಮಾತಿಲ್ಲ. ದಿನ ನೋಡಿ ನಿಮ್ಮಪ್ಪನೇ ಬಂದು ರೈಲಿನಲ್ಲಿ ನಿಧಾನಕ್ಕೆ ಕರೆತರುತ್ತಾರೆ. ಕೂಸು ಅತ್ತರೆ ಅವರಿಗೆ ಕೇಳಿಸುವುದಿಲ್ಲವೆಂದು ಅವರಿಗೆ ಈಗಲೇ ಚಿಂತೆ. ಕೆಂಚನಿಗೆ ಕೇಳಿಸುತ್ತದೆ. ಕೂಸು ಅತ್ತರೆ ಅಜ್ಜನ ಧೋತರ ಎಳೆಯುವುದನ್ನು ಹಜೀರಾಬೀಯ ಮೊಮ್ಮಗಳನ್ನು ಅಳಿಸಿ ಅಳಿಸಿ ಕಲಿಸುತ್ತಿದ್ದೇವೆ. ನೀನು ಬಂದಾಗ ಅಪ್ಪನ ಎದುರಿಗೆ ಕೂತು, ಮುಖ ಎತ್ತಿ, ನಿಧಾನವಾಗಿ ಮಾತಾಡು. ಕಿರುಚಬೇಡ. ಭರಮಣ್ಣನಿಗೆ ನನ್ನ ಆಶೀರ್ವಾದ, ಮರಿ ಕೊಟ್ಟಿದ್ದಕ್ಕೆ ಅವನಿಗೆ ಹೋಳಿಗೆ ಊಟ ಬಾಕಿ ಇದೆ ಅಂತ ಹೇಳು. ಕಾಲು ಊದಿಕೊಳ್ಳದಂತೆ ನೋಡಿಕೋ.

ಇಂತಿ, ಗಂಡನ ಮನೆಯಲ್ಲೇ ಇರುವ
ನಿನ್ನ ಅವ್ವ
ಕೊಟ್ರವ್ವ

ತಾ.ಕ.: ಲಕೋಟೆ ಅಂಟಿಸಬೇಕೆನ್ನುವಾಗ ಒಂದು ವಿಷಯ ಗೊತ್ತಾಯಿತು, ಬರೆಯದಿದ್ದರೆ ಜೀವ ತಡೆಯುವುದಿಲ್ಲ. ಈಗಷ್ಟೇ ಇದನ್ನು ಮಡಿಸುತ್ತಾ ಬಾಗಿಲ ಸಂದಿಯಿಂದ ನೋಡಿದೆ. ಕಟ್ಟೆಯ ಮೇಲೆ ಕೂತಿದ್ದ ನಿಮ್ಮಪ್ಪ ಕೆಂಚನ ಕಡೆ ನೋಡಿ, ಬೆರಳಿನಿಂದ ತಮ್ಮ ಹಣೆಯ ಮೇಲೆ ದುಂಡಗೆ ಒಂದು ಗುರುತು ಮಾಡಿದರು. ಅದು ಓಡಿಬಂದು ನನ್ನ ಸೆರಗು ಕಚ್ಚಿತು. ಗೋಡೆಯ ಮೇಲಿಂದ ಹಿದಾಯತ್‌ನನ್ನು ಕೇಳಿದೆ, ಹಣೆಯ ಮೇಲೆ ಹೀಗೆ ಮಾಡಿದರೆ ನಿಮ್ಮ ಶೆಡ್ಡಿನಲ್ಲಿ ಏನಪ್ಪ ಅಂತ. "ಅದು ನೀವ ಅಕ್ಕಾರ. ಅಣ್ಣಾರು ನಿಮ್ಮ ಸುದ್ದಿ ಹೇಳೋವಾಗೆಲ್ಲ ಹಂಗ ಕುಂಕುಮ ತೋರಿಸ್ತಾರ" ಅಂದ. ಅಂದರೆ ಇಷ್ಟು ದಿನವೂ ಸಂಜೆಯಾದರೆ ಅವರು ನನ್ನನ್ನು ಕರೆಯುತ್ತಿದ್ದರು. ಕಿವಿ ಚೆನ್ನಾಗಿದ್ದ ನಾನೇ ಆ ಕರೆಯನ್ನು ಕಾಲಿನಿಂದ ತಳ್ಳಿ ಹಿತ್ತಲಿಗೆ ಅಟ್ಟುತ್ತಿದ್ದೆ. ಹೊಸ ಸೀರೆ ಕಳಿಸಬೇಡ. ತೂತು ಬಿದ್ದ ಸೆರಗಿನದನ್ನೇ ಉಡುತ್ತೇನೆ. ಕೆಂಚ ಇನ್ನೂ ಎಳೆಯುತ್ತಿದೆ, ನಾನು ಹೋಗುತ್ತೇನೆ.